ಎಐ ಡೇಟಾಸೆಟ್‌ನಿಂದ ಮನೆಯವರ ಫೋಟೋ ತೆಗೆಸೋಕೆ ಹೋದಾಗ ಏನೇನಾಯ್ತು

ಎಐಗೆ ಕಲಿಸೋಕೆ ಅಂತ ಇಂಟರ್ನೆಟ್ ಪೂರ್ತಿ ಬಾಚಿ ಗುಡ್ಡೆ ಹಾಕಿರೋ ಫೋಟೋಗಳಲ್ಲಿ ನಮ್ಮನೆಯವರದ್ದೂ ಇದ್ವು. ಅವನ್ನ ತೆಗೆಸೋ ಕೆಲಸ ಈಗಷ್ಟೇ ಒಂದು ಹಂತಕ್ಕೆ ಬಂತು, ಅಂದ್ರೆ ನಮ್ಮ ಕೈಲಿ ಆಗೋದೆಲ್ಲ ಮಾಡಿ ಆಯ್ತು, ಇನ್ನು ಅವರಿವರ ಉತ್ತರಕ್ಕೆ ಕಾಯೋದಷ್ಟೇ ಬಾಕಿ. ಶುರು ಮಾಡೋವಾಗ ಯಾರಾದ್ರೂ ಇದನ್ನೆಲ್ಲ ಹೇಳಿದ್ರೆ ಎಷ್ಟೋ ರಾತ್ರಿ ನಿದ್ದೆ ಉಳೀತಿತ್ತು ಅನಿಸ್ತು, ಅದಕ್ಕೆ ಬರೀತಿದೀನಿ. ಉದ್ದ ಇದೆ, ಬೇಜಾರಾದ್ರೆ ಮಧ್ಯೆ ಮಧ್ಯೆ ಹಾರಿಸ್ಕೊಂಡು ಓದಿ.

ಹಿನ್ನೆಲೆ ಏನಪ್ಪಾ ಅಂದ್ರೆ, ನನ್ನ ತಮ್ಮನಿಗೆ ಮೊದಲಿಂದ ಕ್ಯಾಮೆರಾ ಹುಚ್ಚು. ಫೋನಲ್ಲೇ ಎಲ್ಲಾ ಫೋಟೋ ತೆಗೆಯೋ ಕಾಲ ಬರೋಕೆ ಮುಂಚೆ ಅವನು ಒಂದು ಫೋಟೋ ಶೇರಿಂಗ್ ಸೈಟಲ್ಲಿ ಸಾವಿರಾರು ಫೋಟೋ ಹಾಕಿದ್ದ, ಎಲ್ಲಾ ಪಬ್ಲಿಕ್, ಜೊತೆಗೆ ಯಾರು ಬೇಕಾದ್ರೂ ಬಳಸ್ಕೋಬಹುದು ಅನ್ನೋ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್. ಆಗ ಅದೊಂದು ಒಳ್ಳೆ ಮನಸ್ಸಿನ ಕೆಲಸ, ಯಾವುದೋ ಶಾಲೆ ಮಕ್ಕಳು ಪ್ರಾಜೆಕ್ಟಿಗೆ ಬಳಸ್ತಾರೆ, ಯಾರೋ ಬ್ಲಾಗಿಗೆ ಹಾಕ್ಕೋತಾರೆ, ಕೆಳಗೆ ಅವನ ಹೆಸರು ಬರುತ್ತೆ. ಅದರಲ್ಲಿ ನನ್ನ ಮಗಳ ಹುಟ್ಟುಹಬ್ಬ, ನಮ್ಮ ಅಮ್ಮ, ಪಕ್ಕದ ಮನೆಯವರು, ನಾನು, ಎಲ್ಲಾ ಇದೀವಿ. ತಮ್ಮ ಬಹಳ ನೀಟು ಮನುಷ್ಯ, ಪ್ರತಿ ಫೋಟೋಗೂ ಕೆಳಗೆ ಒಂದು ಸಾಲು ಇಂಗ್ಲಿಷಲ್ಲಿ ಬರೀತಿದ್ದ, ಯಾರು, ಎಷ್ಟನೇ ಹುಟ್ಟುಹಬ್ಬ, ಯಾರ ಜೊತೆ ಅಂತ. ಈ ನೀಟುತನ ಮುಂದೆ ಬರುತ್ತೆ, ನೆನಪಿಟ್ಕೊಳ್ಳಿ.

ಮಗಳು ಈಗ ಡಿಗ್ರಿಯಲ್ಲಿದಾಳೆ. ಅವಳ ಕ್ಲಾಸಲ್ಲಿ ಇಮೇಜ್ ಡೇಟಾಸೆಟ್‌ಗಳ ಬಗ್ಗೆ ಏನೋ ಅಸೈನ್‌ಮೆಂಟ್ ಕೊಟ್ಟಿದ್ರು, ಒಂದು ಡೇಟಾಸೆಟ್ಟನ್ನ ಹುಡುಕೋ ಟೂಲ್ ಓಪನ್ ಮಾಡಿ ತಮಾಷೆಗೆ ತನ್ನ ಹೆಸರು ಟೈಪ್ ಮಾಡಿದಾಳೆ. ಅವಳ ಹೆಸರು ಅಷ್ಟು ಕಾಮನ್ ಅಲ್ಲ. ರಾತ್ರಿ ಸ್ಕ್ರೀನ್‌ಶಾಟ್ ಕಳಿಸಿದ್ಲು, ಹಿಂದೇನೇ ಫೋನು. "ಅಮ್ಮಾ, ಇದು ನಾನು ಅಲ್ವಾ? ಅಜ್ಜಿ ತೊಡೆ ಮೇಲೆ?"

ಹೌದು, ಅವಳೇ. ಮೂರನೇ ಹುಟ್ಟುಹಬ್ಬದ ಫೋಟೋ. ನಮ್ಮ ಅಮ್ಮ ಈಗಿಲ್ಲ.

ಅವತ್ತು ನನಗೆ ಸಿಟ್ಟಿಗಿಂತ ಗೊಂದಲಾನೇ ಜಾಸ್ತಿ ಆಗಿದ್ದು. ಮಗಳಿಗೆ ಮಾತ್ರ ಸಿಟ್ಟು ಬಂದಿತ್ತು, ಅದೂ ಫೋಟೋಗಲ್ಲ, "ಮುಖ ಇದ್ರೆ ಇರ್ಲಿ, ನನ್ನ ಹೆಸರು, ವಯಸ್ಸು ಯಾಕಮ್ಮ ಅಲ್ಲಿ ಬರೆದಿರೋದು" ಅಂತ. ಮರುದಿನ ಇಬ್ಬರೂ ಕೂತು ಆ ಸಾಲನ್ನ ಪೂರ್ತಿ ನೋಡಿದ್ವಿ. ಅಲ್ಲಿ ನಿಜವಾಗ್ಲೂ ಫೋಟೋ ಇರಲ್ಲ, ಒಂದು ಟೇಬಲ್ಲಿನ ಸಾಲು ಇರುತ್ತೆ ಅಷ್ಟೇ. ಮೊದಲನೇ ಕಾಲಂನಲ್ಲಿ ತಮ್ಮನ ಅಕೌಂಟಿನ ಫೋಟೋ ಲಿಂಕು, ಎರಡನೇದರಲ್ಲಿ ಅವನು ಬರೆದ ಆ ಇಂಗ್ಲಿಷ್ ಸಾಲು ಇದ್ದಿದ್ದು ಇದ್ದ ಹಾಗೆ, ಆಮೇಲೆ ಅಗಲ, ಎತ್ತರ, ವಾಟರ್‌ಮಾರ್ಕ್ ಇರೋ ಸಾಧ್ಯತೆ ಎಷ್ಟು ಅಂತ ಒಂದು ದಶಾಂಶ ಸಂಖ್ಯೆ, ಕೊನೆಗೆ 0.31 ಅಂತ ಇನ್ನೊಂದು ಸಂಖ್ಯೆ. ಈ ಕೊನೇದು ಏನು ಅಂತ ಮಗಳೇ ಹೇಳಿದ್ದು. ಚಿತ್ರಕ್ಕೂ ಅದರ ಜೊತೆಗಿರೋ ಬರಹಕ್ಕೂ ಎಷ್ಟು ತಾಳೆ ಆಗುತ್ತೆ ಅಂತ ಕ್ಲಿಪ್ ಅನ್ನೋ ಇನ್ನೊಂದು ಎಐ ಕೊಟ್ಟಿರೋ ಅಂಕ ಅದು. ತಾಳೆ ಆಗದೇ ಇರೋದನ್ನ ಬಿಸಾಕ್ತಾರೆ. ಅಂದ್ರೆ ಬರೀ ಕ್ಯಾಮೆರಾ ಕೊಟ್ಟ ನಂಬರ್ರೇ ಹೆಸರಾಗಿರೋ ಫೋಟೋ ಬಿದ್ದುಹೋಗೋ ಚಾನ್ಸ್ ಜಾಸ್ತಿ, ತಮ್ಮನ ಥರ ಅಚ್ಚುಕಟ್ಟಾಗಿ ವಿವರಣೆ ಬರೆದವರದ್ದು ಉಳ್ಕೊಳ್ಳುತ್ತೆ.

ಈ ಜಾತಿಯ ಡೇಟಾಸೆಟ್‌ಗಳಲ್ಲಿ ಎಲ್ಲರಿಗೂ ಗೊತ್ತಿರೋದು ಲಾಯಾನ್-5ಬಿ, 2022ರಲ್ಲಿ ಬಂದಿದ್ದು, ಅದರಲ್ಲಿ 585 ಕೋಟಿ ಚಿತ್ರ-ಬರಹ ಜೋಡಿಗಳಿದ್ವು, ಕಾಮನ್ ಕ್ರಾಲ್ ಅನ್ನೋ ವೆಬ್ ಸಂಗ್ರಹದಿಂದ ಸೋಸಿ ತೆಗೆದಿದ್ದು. ಇಂಗ್ಲಿಷ್ ಬರಹಕ್ಕೆ 0.28ಕ್ಕಿಂತ ಕಮ್ಮಿ ಅಂಕ ಬಂದಿದ್ದನ್ನ ಅದರಲ್ಲಿ ಕೈಬಿಟ್ಟಿದ್ರು. ನಮ್ಮದು ಸಿಕ್ಕಿದ್ದು ಅದೇ ಥರದ ಬೇರೆ ಒಂದರಲ್ಲಿ, ಹೆಸರು ಬೇಡ. 2024ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಅನ್ನೋ ಮಾನವ ಹಕ್ಕುಗಳ ಸಂಸ್ಥೆಯವರು ಈ ಲಾಯಾನ್-5ಬಿ ಒಳಗೆ ಹುಡುಕಿ ಮೊದಲು ಬ್ರೆಜಿಲ್‌ನ 170 ಮಕ್ಕಳ, ಆಮೇಲೆ ಆಸ್ಟ್ರೇಲಿಯಾದ 190 ಮಕ್ಕಳ ಫೋಟೋ ಲಿಂಕು ಹೊರಗೆ ತೆಗೆದಿದ್ರು, ಕೆಲವಕ್ಕೆ ಹೆಸರೂ ಇತ್ತು. ಅವರು ನೋಡಿದ್ದು ಇಡೀ ರಾಶಿಯ ಶೇಕಡಾ 0.0001ಕ್ಕಿಂತ ಕಮ್ಮಿ ಭಾಗ ಅಷ್ಟೇ. ಅದನ್ನ ಓದಿದ ಮೇಲೆ ನಮಗೆ ಸಿಕ್ಕಿರೋ ಒಂದು ಸಾಲಿನ ಹಿಂದೆ ಇನ್ನೂ ಎಷ್ಟಿರಬಹುದು ಅಂತ ಹೊಟ್ಟೆಯಲ್ಲಿ ಒಂಥರಾ ಆಯ್ತು.

ಇದ್ವು ಕೂಡ. ಹೆಸರಿಂದ ಹುಡುಕಿದ್ರೆ ಹೆಸರಿರೋದು ಮಾತ್ರ ಸಿಗುತ್ತೆ, ಹೆಸರಿಲ್ಲದ್ದು ಸಿಗಬೇಕಂದ್ರೆ ಫೋಟೋನೇ ಟೂಲಿಗೆ ಕೊಟ್ಟು ಇದರ ಥರದ್ದು ತೋರ್ಸು ಅನ್ನಬೇಕು. ಇಲ್ಲೊಂದು ಎಚ್ಚರಿಕೆ: ಕೊಡೋಕೆ ಮುಂಚೆ ಆ ಟೂಲಿನವರು ಅಪ್‌ಲೋಡ್ ಆದ ಫೋಟೋನ ಏನು ಮಾಡ್ತಾರೆ ಅಂತ ಅವರ ಪ್ರೈವಸಿ ಪಾಲಿಸಿ ಓದಿ, ಇಟ್ಕೋತೀವಿ ಅಂತ ಇದ್ರೆ ಅಥವಾ ಏನೂ ಬರೆದೇ ಇಲ್ಲ ಅಂದ್ರೆ ಕೊಡಬೇಡಿ. ಫೋಟೋ ಕೊಡೋ ಬದಲು ಆಗಲೇ ಪಬ್ಲಿಕ್ ಇರೋ ಲಿಂಕನ್ನೇ ಪೇಸ್ಟ್ ಮಾಡೋಕೆ ಕೆಲವು ಟೂಲಲ್ಲಿ ಆಗುತ್ತೆ, ಅದು ವಾಸಿ. ಹೀಗೆ ಹುಡುಕಿ ಹುಡುಕಿ ತಮ್ಮನ ಅಕೌಂಟಿಂದ ಒಂದಷ್ಟು, ಒಂದು ಹಳೇ ಸಂಘದ ವೆಬ್‌ಸೈಟಲ್ಲಿ ನಾನು ಸ್ಟೇಜ್ ಮೇಲೆ ನಿಂತಿರೋದು ಒಂದು, ಎಲ್ಲಾ ಒಂದು ಸ್ಪ್ರೆಡ್‌ಶೀಟಿಗೆ ಹಾಕಿದೆ.

ಆ ಸ್ಪ್ರೆಡ್‌ಶೀಟ್ ಇಲ್ಲದಿದ್ರೆ ನಾನು ಅರ್ಧ ದಾರಿಗೇ ಕೈ ಚೆಲ್ತಿದ್ದೆ. ಫೋಟೋದ ನೇರ ಲಿಂಕು (ಪೇಜಿನ ಲಿಂಕಲ್ಲ, ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಸಿಗೋದು), ಅದು ಇರೋ ಪೇಜಿನ ಲಿಂಕು, ಫೋಟೋದಲ್ಲಿ ಯಾರ್ಯಾರಿದಾರೆ, ತೆಗೆದಿದ್ದು ಯಾರು, ಹಾಕಿದ್ದು ಯಾರು, ಯಾರಿಗೆ ಯಾವತ್ತು ಬರೆದ್ವಿ, ರೆಫರೆನ್ಸ್ ನಂಬರ್. ಇದರಲ್ಲಿ ಯಾರಿದಾರೆ, ಯಾರು ತೆಗೆದಿದ್ದು, ಯಾರು ಹಾಕಿದ್ದು ಅನ್ನೋ ಮೂರು ಕಾಲಂ ಬೇರೆ ಬೇರೆ ಇಡಿ. ಯಾಕಂದ್ರೆ ಮುಂದೆ ಪ್ರತಿಯೊಬ್ಬರೂ ಕೇಳೋ ಮೊದಲ ಪ್ರಶ್ನೆ "ಈ ಫೋಟೋ ನಿಮ್ಮದಾ?" ಅಂತ. ತಮ್ಮ ಕೇಳಿದ್ರೆ ಅದು ಕಾಪಿರೈಟ್ ವಿಷಯ, ನಾನು ಕೇಳಿದ್ರೆ ಪ್ರೈವಸಿ ವಿಷಯ, ಎರಡಕ್ಕೂ ಫಾರಂ ಬೇರೆ, ಓದೋ ಜನ ಬೇರೆ. ತಪ್ಪು ಫಾರಂ ತುಂಬಿದ್ರೆ "ನೀವು ಹಕ್ಕುದಾರರಲ್ಲ" ಅಂತ ಒಂದೇ ಸಾಲಲ್ಲಿ ವಾಪಸ್ ಬರುತ್ತೆ.

ಡೇಟಾಸೆಟ್ ಅನ್ನೋದು ಲಿಂಕುಗಳ ಪಟ್ಟಿ ಆಗಿದ್ರಿಂದ ಮೊದಲ ಕೆಲಸ ಮೂಲದಲ್ಲೇ ಫೋಟೋ ತೆಗೆಯೋದು. ಲಿಂಕು ಸತ್ತರೆ ಮುಂದೆ ಆ ಪಟ್ಟಿ ಇಟ್ಕೊಂಡು ಡೌನ್‌ಲೋಡ್ ಮಾಡೋರಿಗೆ ಏನೂ ಸಿಗಲ್ಲ. ಆಗಲೇ ಡೌನ್‌ಲೋಡ್ ಮಾಡ್ಕೊಂಡವರದ್ದು ಬೇರೆ ಮಾತು, ಅದಕ್ಕೆ ಆಮೇಲೆ ಬರ್ತೀನಿ. ತಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದೆ. "ಅಕ್ಕ, ತೆಗೀತೀನಿ, ಆದ್ರೆ ಆ ಅಕೌಂಟಿಗೆ ಕೊಟ್ಟಿದ್ದ ಇಮೇಲೇ ಈಗಿಲ್ಲ" ಅಂದ. ಪಾಸ್‌ವರ್ಡ್ ಮರೆತಿದೀರಾ ಅಂತ ಒತ್ತಿದ್ರೆ ಮೆಸೇಜ್ ಹೋಗೋದು ಆ ಸತ್ತ ಇಮೇಲಿಗೆ. ಸಪೋರ್ಟಿಗೆ ಬರೆದ್ರೆ ಅಕೌಂಟ್ ನಿಮ್ಮದೇ ಅಂತ ಸಾಬೀತು ಮಾಡಿ ಅಂದ್ರು. ಹೇಗೆ ಮಾಡೋದು, ಫೋಟೋ ಹಿಂದೆ ಸಹಿ ಹಾಕಿರಲ್ವಲ್ಲ. ಕೊನೆಗೆ ಕೆಲಸ ಆಗಿದ್ದು ಅವನ ಹಳೇ ಹಾರ್ಡ್ ಡಿಸ್ಕಿಂದ. ಕ್ಯಾಮೆರಾದಿಂದ ಬಂದ ಒರಿಜಿನಲ್ ಫೈಲುಗಳು ಅದರಲ್ಲಿದ್ವು, ಒಂದೊಂದು ಫೈಲಿನ ಒಳಗೂ ಎಕ್ಸಿಫ್ ಅಂತ ಮಾಹಿತಿ ಇರುತ್ತೆ, ಕ್ಯಾಮೆರಾ ಯಾವುದು, ಎಷ್ಟು ಗಂಟೆಗೆ ತೆಗೆದಿದ್ದು, ಕೆಲವು ಕ್ಯಾಮೆರಾಗಳಲ್ಲಿ ಸೀರಿಯಲ್ ನಂಬರ್ ಸಮೇತ. ಸೈಟಲ್ಲಿರೋ ಕಾಪಿಗೂ ಇದಕ್ಕೂ ತಾಳೆ ಆಯ್ತು, ಅಕೌಂಟ್ ಕೊಟ್ರು. ಇದಕ್ಕೇ ವಾರಗಟ್ಟಲೆ ಹಿಡೀತು. ಹಳೇ ಅಕೌಂಟ್ ಇರೋರು ಯಾರೇ ಆಗ್ಲಿ ಇವತ್ತೇ ಲಾಗಿನ್ ಆಗುತ್ತಾ ನೋಡ್ಕೊಂಡು ಇಮೇಲ್ ಬದಲಾಯಿಸ್ಕೊಳ್ಳಿ, ಫೋಟೋ ತೆಗೀತೀರೋ ಬಿಡ್ತೀರೋ ಆಮೇಲೆ.

ಇಲ್ಲಿ ಲೈಸೆನ್ಸ್ ವಿಷಯ ಹೇಳ್ಬೇಕು. ಕ್ರಿಯೇಟಿವ್ ಕಾಮನ್ಸ್ ಒಂದ್ಸಲ ಕೊಟ್ಟ ಮೇಲೆ, ಆಗಲೇ ಆ ಷರತ್ತಿನ ಮೇಲೆ ತಗೊಂಡವರ ಕೈಯಿಂದ ವಾಪಸ್ ಕಿತ್ಕೊಳ್ಳೋಕೆ ಆಗಲ್ಲ, ನೀವು ಹಾಕೋದನ್ನ ನಿಲ್ಲಿಸಬಹುದು ಅಷ್ಟೇ. ಆದ್ರೆ ಆ ಲೈಸೆನ್ಸ್ ಬರೀ ಕಾಪಿರೈಟಿಗೆ ಸಂಬಂಧಪಟ್ಟಿದ್ದು, ಫೋಟೋದಲ್ಲಿರೋ ಮನುಷ್ಯರ ಪ್ರೈವಸಿ ಅದರೊಳಗೆ ಬರಲ್ಲ, ಇದನ್ನ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯವರೇ ಹೇಳಿದಾರೆ. ಹೇಳೋ ಪರಿಸ್ಥಿತಿ ಬಂದಿದ್ದು 2019ರಲ್ಲಿ, ಐಬಿಎಂ ಕಂಪನಿ ಮುಖ ಗುರುತಿಸೋ ಸಂಶೋಧನೆಗೆ ಅಂತ ಫ್ಲಿಕರ್ ಅನ್ನೋ ಫೋಟೋ ಶೇರಿಂಗ್ ಸೈಟಿನ ಸುಮಾರು 10 ಲಕ್ಷ ಫೋಟೋ ಬಳಸಿದ್ದು ಸುದ್ದಿಯಾದಾಗ. ಅದಕ್ಕೂ ಮುಂಚೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೆಗಾಫೇಸ್ ಅನ್ನೋ ಸಂಗ್ರಹ ಕೂಡ ಫ್ಲಿಕರ್ ಫೋಟೋಗಳಿಂದಲೇ ಆಗಿದ್ದು. ಅಂದ್ರೆ ಚಿತ್ರ ಬರೆಯೋ ಎಐ ಬರೋಕೆ ಎಷ್ಟೋ ಮುಂಚೆಯಿಂದ ಇದು ನಡೀತಾ ಇತ್ತು. ಫೋಟೋ ತೆಗೆದವನು ಹೂಂ ಅಂದಿದ್ದ, ಫೋಟೋದಲ್ಲಿ ಇದ್ದವರನ್ನ ಯಾರೂ ಕೇಳಿರ್ಲಿಲ್ಲ.

ಕೇಳೋದು ಎಷ್ಟು ಕಷ್ಟ ಅಂತ ನಮಗೇ ಗೊತ್ತಾಯ್ತು. ಹುಟ್ಟುಹಬ್ಬದ ಒಂದು ಗುಂಪು ಫೋಟೋ ಇದೆ, ಅದರಲ್ಲಿ ಮಗಳು, ಅಮ್ಮ, ನಾನು, ಪಕ್ಕದ ಮನೆ ಆಂಟಿ, ಅವರ ಮೊಮ್ಮಗ. ಮಗಳು ತೆಗೀಲೇಬೇಕು ಅಂದ್ಲು. ಆಂಟಿಗೆ ಫೋನ್ ಮಾಡಿ ವಿವರಿಸಿದ್ರೆ "ಅಯ್ಯೋ ಇರ್ಲಿ ಬಿಡಮ್ಮ, ನಿಮ್ಮಮ್ಮ ಎಷ್ಟು ಚೆನ್ನಾಗಿ ಕಾಣ್ತಾರೆ ಅದರಲ್ಲಿ, ನಾನು ಆಗಾಗ ನೋಡ್ತಿರ್ತೀನಿ" ಅಂದ್ರು. ಅವರಿಗೆ ಅದೊಂದೇ ಲಿಂಕು ಇರೋದು. ಆ ಮೊಮ್ಮಗ ಈಗ ಎಲ್ಲೋ ಕೆಲಸದಲ್ಲಿದಾನೆ, ಅವನ ಉತ್ತರಾನೇ ಬರ್ಲಿಲ್ಲ. ತಮ್ಮನಿಗೆ ಅವನು ತೆಗೆದಿದ್ರಲ್ಲೇ ಬೆಸ್ಟ್ ಫೋಟೋ ಅದು. ಯಾರ ಮಾತು ನಡೀಬೇಕು? ನಾವು ಒಂದು ರೂಲ್ ಮಾಡ್ಕೊಂಡ್ವಿ, ಒಬ್ಬರು ಬೇಡ ಅಂದ್ರೂ ಪಬ್ಲಿಕ್ಕಿಂದ ಹೋಗ್ಬೇಕು, ಉಳಿದವರಿಗೆ ಫೋಟೋ ಬೇರೆ ದಾರಿಯಲ್ಲಿ ತಲುಪಿಸೋದು. ಆಂಟಿಗೆ ಪ್ರಿಂಟ್ ಹಾಕಿಸಿ ಕಳಿಸಿದ್ವಿ. ಐದು ಜನರ ಒಂದು ಫೋಟೋಗೆ ಇಷ್ಟು ಮಾತುಕತೆ ಬೇಕಾಯ್ತು, ಕೋಟಿಗಟ್ಟಲೆ ಫೋಟೋ ಒಟ್ಟು ಮಾಡೋರಿಗೆ ಕೇಳದೇ ಇರೋದೇ ಸಲೀಸು ಅನ್ನೋದರಲ್ಲಿ ಆಶ್ಚರ್ಯ ಏನಿಲ್ಲ.

ತೆಗೆದ ಮೇಲೂ ತಕ್ಷಣ ಹೋಗಲ್ಲ. ಪೇಜು ಹೋಗಿದೆ ಅಂತ ಖುಷಿಯಾಗಿ ನೇರ ಲಿಂಕು ಒತ್ತಿದ್ರೆ ಫೋಟೋ ಇನ್ನೂ ಬರ್ತಿತ್ತು. ಸೈಟುಗಳು ಒಂದೊಂದು ಫೋಟೋಗೂ ಚಿಕ್ಕದು ದೊಡ್ಡದು ಅಂತ ಹಲವು ಸೈಜು ಮಾಡಿ ಬೇರೆ ಬೇರೆ ಸರ್ವರಲ್ಲಿ ಇಟ್ಟಿರ್ತವೆ, ಅವು ಖಾಲಿ ಆಗೋಕೆ ಟೈಮ್ ಬೇಕು. ನಿಮ್ಮ ಪಟ್ಟಿಯಲ್ಲಿರೋ ನೇರ ಲಿಂಕುಗಳನ್ನ ಕೆಲವು ದಿನ ಬಿಟ್ಟು ಇನ್ನೊಂದ್ಸಲ ಒತ್ತಿ ನೋಡಿ, ಬೇರೆ ಬ್ರೌಸರಲ್ಲಿ ನೋಡಿ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಲ್ಲಿ ಹಳೇ ಪೇಜಿನ ಪ್ರತಿ ಇದ್ರೆ ಅದಕ್ಕೂ ಇಮೇಲ್ ಬರೆದು ಹೊರಗಿಡಿ ಅಂತ ಕೇಳಬಹುದು, ನಾವು ಕೇಳಿದೀವಿ. ಅದಕ್ಕೆ ಮನಸ್ಸು ಸ್ವಲ್ಪ ಹಿಂಜರೀತು ನಿಜ ಹೇಳ್ಬೇಕಂದ್ರೆ, ಅವರು ಒಳ್ಳೆ ಕೆಲಸ ಮಾಡ್ತಿರೋರು.

ಸಂಘದ ವೆಬ್‌ಸೈಟಿಂದು ಇನ್ನೊಂದು ಕಥೆ. ಅಲ್ಲಿರೋ ಇಮೇಲಿಗೆ ಬರೆದ್ರೆ ಬೌನ್ಸ್, ಫೋನ್ ನಂಬರ್ ಚಾಲ್ತಿಯಲ್ಲಿಲ್ಲ, ಸೈಟ್ ನಡೆಸ್ತಿದ್ದವರು ಯಾರು ಅಂತ ಸಂಘದವರಿಗೇ ನೆನಪಿಲ್ಲ, ಆದ್ರೆ ಯಾರೋ ಪುಣ್ಯಾತ್ಮ ವರ್ಷ ವರ್ಷ ರಿನ್ಯೂ ಮಾಡ್ತಾನೇ ಇದಾರೆ. ಇಂಥ ಕಡೆ ಡೊಮೇನ್ ಹೆಸರನ್ನ ಹೂಈಸ್ ಅನ್ನೋ ಲುಕಪ್‌ನಲ್ಲಿ ಹಾಕಿದ್ರೆ ಮಾಲೀಕರ ಹೆಸರು ಮುಚ್ಚಿದ್ರೂ ರಿಜಿಸ್ಟ್ರಾರ್ (ಅಂದ್ರೆ ಡೊಮೇನ್ ನೋಂದಾಯಿಸಿಕೊಟ್ಟ ಕಂಪನಿ) ಯಾರು, ದೂರು ಕೊಡೋ ಇಮೇಲ್ ಯಾವುದು ಅಂತ ಸಿಗುತ್ತೆ. ಅವರಿಗೆ ಬರೆದೆ, ಅವರು ಮಾಲೀಕರಿಗೆ ದಾಟಿಸಿದ್ರು, ಒಂದಿನ ಸದ್ದಿಲ್ಲದೆ ಫೋಟೋ ಮಾಯ. ಯಾರು ತೆಗೆದ್ರು ಅಂತ ಇವತ್ತಿಗೂ ಗೊತ್ತಿಲ್ಲ.

ಇದೆಲ್ಲ ಆದ ಮೇಲೆ ಡೇಟಾಸೆಟ್‌ನವರ ಫಾರಂ. ಅವರ ಸಂಸ್ಥೆ ಯುರೋಪಲ್ಲಿ ಇರೋದ್ರಿಂದ ಜನರ ವೈಯಕ್ತಿಕ ಮಾಹಿತಿ ಕಾಪಾಡೋಕೆ ಅಲ್ಲಿರೋ ಜಿಡಿಪಿಆರ್ ಅನ್ನೋ ಕಾನೂನು ಅನ್ವಯ ಆಗುತ್ತೆ. ಅರ್ಜಿ ಹಾಕೋರು ಯಾವ ದೇಶದವರು ಅನ್ನೋದು ಅದರಲ್ಲಿ ಲೆಕ್ಕಕ್ಕಿಲ್ಲ, ಮಾಹಿತಿ ಇಟ್ಕೊಂಡಿರೋರು ಎಲ್ಲಿದಾರೆ ಅನ್ನೋದು ಮುಖ್ಯ, ಹಾಗಾಗಿ ನಮಗೆ ಅನ್ವಯ ಆಗಲ್ಲ ಅಂತ ಬಿಡಬೇಡಿ. 17ನೇ ವಿಧಿ ಅಳಿಸೋಕೆ ಕೇಳೋ ಹಕ್ಕು, 21ನೇ ವಿಧಿ ಬಳಸೋದಕ್ಕೆ ಆಕ್ಷೇಪಣೆ ಹಾಕೋ ಹಕ್ಕು. ಉತ್ತರ ಒಂದು ತಿಂಗಳೊಳಗೆ ಕೊಡಬೇಕು, ಕಷ್ಟದ ಕೇಸಾದ್ರೆ ಇನ್ನೆರಡು ತಿಂಗಳು ತಗೋಬಹುದು, ಆದ್ರೆ ತಗೋತೀವಿ ಅಂತ ಮೊದಲ ತಿಂಗಳಲ್ಲೇ ತಿಳಿಸಬೇಕು. ಈ ಎರಡು ವಿಧಿಯ ನಂಬರ್ ಹಾಕಿ ಬರೆದಾಗ ಬರೋ ಉತ್ತರಕ್ಕೂ ಬರೀ "ದಯವಿಟ್ಟು ತೆಗೀರಿ" ಅಂತ ಬರೆದಾಗ ಬರೋ ಉತ್ತರಕ್ಕೂ ಅಜಗಜಾಂತರ.

ಮಗಳ ಪರವಾಗಿ ನಾನೇ ತುಂಬಿ ಕಳಿಸಿದೆ, ತಾಯಿ ಅಂತ. ವಾಪಸ್ ಬಂತು. ಫೋಟೋದಲ್ಲಿ ಮೂರು ವರ್ಷದ ಮಗು ಇದ್ರೂ ಅರ್ಜಿ ಹಾಕೋ ದಿನ ಅವಳಿಗೆ ಹದಿನೆಂಟು ದಾಟಿದೆಯಲ್ಲ, ಅವಳೇ ಹಾಕಬೇಕಂತೆ. ಸರಿ, ಅವಳು ಹಾಕಿದ್ಲು. ಆಗ ಇನ್ನೊಂದು ಪ್ರಶ್ನೆ, ಈ ಮಗು ನೀವೇ ಅಂತ ಏನು ಗ್ಯಾರಂಟಿ? ಐಡಿ ಕಾರ್ಡ್ ಕಳಿಸಿ ಅಂದ್ರು. ಪ್ರೈವಸಿಗೆ ಅಂತ ಹೋದವರು ಇನ್ನೂ ಹೆಚ್ಚು ಪ್ರೈವೇಟ್ ಮಾಹಿತಿ ಕೊಟ್ಟು ಬರೋ ಪರಿಸ್ಥಿತಿ. ನಾವು ಮಾಡಿದ್ದು ಹೀಗೆ: ಐಡಿಯ ನಂಬರ್, ವಿಳಾಸ, ಕ್ಯೂಆರ್ ಕೋಡ್ ಎಲ್ಲ ಕಪ್ಪು ಮಾಡಿ, ಹೆಸರು ಮತ್ತು ಹುಟ್ಟಿದ ವರ್ಷ ಮಾತ್ರ ಬಿಟ್ಟು, ಮೇಲೆ ಅಡ್ಡಡ್ಡವಾಗಿ "ಈ ಅರ್ಜಿಗೆ ಮಾತ್ರ" ಅಂತ ತಾರೀಖು ಹಾಕಿ ಕಳಿಸಿದ್ವಿ, ಕೆಲಸ ಮುಗಿದ ಮೇಲೆ ಇದನ್ನ ಅಳಿಸಿ ತಿಳಿಸಿ ಅಂತಾನೂ ಬರೆದ್ವಿ. ಒಪ್ಕೊಂಡ್ರು. ಕ್ಯೂಆರ್ ಕೋಡ್ ಮರೀಬೇಡಿ, ನಂಬರ್ ಮುಚ್ಚಿ ಕೋಡ್ ಬಿಟ್ರೆ ಮುಚ್ಚಿದ್ದು ವೇಸ್ಟು.

ಅಮ್ಮನ ಫೋಟೋಗೆ ಯಾವ ಫಾರಂಲೂ ಜಾಗ ಇರ್ಲಿಲ್ಲ. ಜಿಡಿಪಿಆರ್ ತೀರಿಕೊಂಡವರಿಗೆ ಅನ್ವಯ ಆಗಲ್ಲ, ಅದು ಆ ಕಾನೂನಿನಲ್ಲೇ ಇದೆ. "ನೀವು ಈ ಫೋಟೋದಲ್ಲಿರುವ ವ್ಯಕ್ತಿಯೇ?" ಅನ್ನೋ ಡ್ರಾಪ್‌ಡೌನ್‌ನಲ್ಲಿ ಹೌದು, ಪೋಷಕರು, ವಕೀಲರು ಅಂತ ಮೂರೇ ಇತ್ತು. ಅದರ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅಮ್ಮ ಒಬ್ಬರೇ ಇರೋ ಫೋಟೋಗಳಿಗೆ ಕಡೆಗೆ ತಮ್ಮನೇ ಫೋಟೋ ತೆಗೆದವನು ಅಂತ ಕಾಪಿರೈಟ್ ಫಾರಂ ತುಂಬಿದ. ಕಾಪಿರೈಟ್ ದಾರಿ ಖಚಿತ ಅಂತ ಏನಿಲ್ಲ. ಜರ್ಮನಿಯ ಹ್ಯಾಂಬರ್ಗ್ ಕೋರ್ಟಲ್ಲಿ ಒಬ್ಬ ಫೋಟೋಗ್ರಾಫರ್, ಆ ಲಾಯಾನ್-5ಬಿ ಮಾಡಿದ ಲಾಯಾನ್ ಸಂಸ್ಥೆ ಮೇಲೆ ಹಾಕಿದ್ದ ಕೇಸು 2024ರ ಸೆಪ್ಟೆಂಬರಲ್ಲಿ ವಜಾ ಆಯ್ತು, ಸಂಶೋಧನೆಗೆ ಇರೋ ವಿನಾಯಿತಿ ಕೊಟ್ಟು. ಆದ್ರೂ ನಮ್ಮ ಅರ್ಜಿಗೆ ತಕರಾರು ಮಾಡದೆ ಮುಂದಿನ ಆವೃತ್ತಿಯಲ್ಲಿ ಈ ಲಿಂಕುಗಳನ್ನ ಕೈಬಿಡ್ತೀವಿ ಅಂತ ಉತ್ತರ ಬಂತು. ಮುಂದಿನ ಆವೃತ್ತಿ ಅನ್ನೋದನ್ನ ಗಮನಿಸಿ, ಆಗಲೇ ಹಂಚಿ ಹೋಗಿರೋ ಹಳೇ ಪಟ್ಟಿಗಳು ಯಾರ ಯಾರ ಕಂಪ್ಯೂಟರಲ್ಲಿ ಇವೆಯೋ ಅವನ್ನ ಅವರೂ ಏನೂ ಮಾಡೋಕಾಗಲ್ಲ.

ಆಮೇಲೆ ಎಐ ಕಂಪನಿಗಳು. ಇಲ್ಲಿ ನನ್ನ ತಾಳ್ಮೆ ಮುಗೀತು. ಒಂದು ಕಂಪನಿಯ ಫಾರಂ ಹುಡುಕೋಕೇ ಒಂದು ಸಂಜೆ ಹೋಯ್ತು, ಹೆಲ್ಪ್ ಪೇಜಿನ ಒಳಗೆ ಪ್ರೈವಸಿ ಸೆಂಟರ್, ಅದರ ಒಳಗೆ ಇನ್ನೊಂದು ಪೇಜು, ಅದರ ಕೊನೆ ಸಾಲಿನಲ್ಲಿ ಬೂದು ಬಣ್ಣದ ಲಿಂಕು. ಒಳಗೆ ಕೆಂಪು ಚುಕ್ಕೆ ಇರೋ, ಅಂದ್ರೆ ತುಂಬಲೇಬೇಕಾದ ಕಾಲಂ ಒಂದು: ನಮ್ಮ ಎಐ ನಿಮ್ಮ ವೈಯಕ್ತಿಕ ಮಾಹಿತಿ ತೋರಿಸಿದ್ದಕ್ಕೆ ಸ್ಕ್ರೀನ್‌ಶಾಟ್ ಹಾಕಿ, ಏನು ಟೈಪ್ ಮಾಡಿದಾಗ ಬಂತು ಅಂತ ಬರೀರಿ. ಅಂದ್ರೆ ಕಲಿಸೋಕೆ ಬಳಸಿದ್ದು ಸಾಲಲ್ಲ, ಅದು ಬಾಯಿಬಿಟ್ಟು ನನ್ನ ಮಗಳ ಮುಖ ಬರೆದು ತೋರಿಸಬೇಕು, ನಾನು ಅದನ್ನ ಹಿಡಿದು ತಂದು ಕೊಡಬೇಕು. ಮಗಳು ಆ ಕಾಲಂನಲ್ಲಿ ಡೇಟಾಸೆಟ್‌ನ ಸಾಲಿನ ಸ್ಕ್ರೀನ್‌ಶಾಟ್ ಹಾಕಿ, ನನ್ನ ಆಕ್ಷೇಪಣೆ ಔಟ್‌ಪುಟ್ ಬಗ್ಗೆ ಅಲ್ಲ, ತರಬೇತಿಗೆ ಬಳಸಿದ್ದರ ಬಗ್ಗೆ ಅಂತ ಬರೆದ್ಲು. ಫಾರಂ ತಗೊಳ್ತು, ಕಂಪ್ಯೂಟರಿಗೆ ಏನೋ ಒಂದು ಚಿತ್ರ ಇದ್ರೆ ಸಾಕಿತ್ತು ಅಷ್ಟೇ.

ಉತ್ತರದಲ್ಲಿ ಇದ್ದಿದ್ದರ ಸಾರ: ತರಬೇತಿ ಆದ ಮಾಡೆಲ್ ಒಳಗೆ ಫೋಟೋಗಳು ಫೈಲಾಗಿ ಕೂತಿರಲ್ಲ, ಆದ್ದರಿಂದ ಒಂದು ಫೋಟೋನ ತೆಗೆಯೋಕೆ ಬರಲ್ಲ, ನಿಮ್ಮ ಹೆಸರು ಟೈಪ್ ಮಾಡಿದ್ರೆ ಉತ್ತರ ಬರದ ಹಾಗೆ ತಡೆ ಹಾಕ್ತೀವಿ. ಮೊದಲ ಭಾಗ ಅರ್ಧ ನಿಜ. ಮಾಡೆಲ್ ಅಂದ್ರೆ ಸಂಖ್ಯೆಗಳ ರಾಶಿ, ಒಂದೊಂದು ಫೋಟೋನೂ ಎಲ್ಲಾ ಸಂಖ್ಯೆಗಳನ್ನ ಚೂರು ಚೂರು ಆಚೀಚೆ ಸರಿಸಿರುತ್ತೆ, ಯಾವುದು ಯಾರಿಂದ ಅಂತ ಬಿಡಿಸೋದು ಇನ್ನೂ ಸಂಶೋಧನೆಯ ವಿಷಯ. ಆದ್ರೆ ಏನೂ ಉಳಿದಿರಲ್ಲ ಅನ್ನೋದು ಸುಳ್ಳು. 2023ರಲ್ಲಿ ಸಂಶೋಧಕರು ಸ್ಟೇಬಲ್ ಡಿಫ್ಯೂಷನ್ ಅನ್ನೋ ಚಿತ್ರ ಬರೆಯೋ ಎಐ ಮಾಡೆಲ್‌ನಿಂದ ನೂರರ ಆಸುಪಾಸು ತರಬೇತಿ ಚಿತ್ರಗಳನ್ನ ಹೆಚ್ಚುಕಮ್ಮಿ ಇದ್ದ ಹಾಗೇ ಹೊರಗೆ ತೆಗೆದು ತೋರಿಸಿದ್ರು, ನಿಜವಾದ ಮನುಷ್ಯರ ಫೋಟೋನೂ ಸೇರಿ. ಹಾಗೆ ಸಿಕ್ಕಿದ್ದು ಹೆಚ್ಚಾಗಿ ಡೇಟಾಸೆಟ್‌ನಲ್ಲಿ ಮತ್ತೆ ಮತ್ತೆ ಬಂದಿದ್ದ ಚಿತ್ರಗಳು. ಹಾಗಾಗಿ ಒಂದೇ ಫೋಟೋ ನಾಲ್ಕಾರು ಕಡೆ ಇದ್ರೆ ಎಲ್ಲಾ ಕಡೆಯಿಂದ ತೆಗೆಸೋದು ಮುಂದಿನ ಮಾಡೆಲ್‌ಗಾದ್ರೂ ಉಪಯೋಗಕ್ಕೆ ಬರುತ್ತೆ.

ಮಾಡೆಲನ್ನೇ ಅಳಿಸೋಕೆ ಆಗಲ್ಲ ಅಂತ ಯಾರಾದ್ರೂ ಹೇಳಿದ್ರೆ 2021ರ ಎವರ್‌ಆಲ್ಬಂ ಪ್ರಕರಣ ನೆನಪಿಸಿ, ಅದು ಜನ ಫೋಟೋ ಇಟ್ಕೊಳ್ಳೋ ಆ್ಯಪ್ ನಡೆಸ್ತಿದ್ದ ಕಂಪನಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆ ಕಂಪನಿಗೆ ಬರೀ ಫೋಟೋ ಅಷ್ಟೇ ಅಲ್ಲ, ಆ ಫೋಟೋಗಳಿಂದ ಮಾಡಿದ ಮುಖ ಗುರುತಿಸೋ ಮಾಡೆಲ್‌ಗಳನ್ನೂ ಅಳಿಸಿ ಅಂತ ಆದೇಶ ಮಾಡಿತ್ತು. ಸರ್ಕಾರ ಹಿಂದೆ ನಿಂತ್ರೆ ಆಗುತ್ತೆ, ನಮ್ಮಂಥವರು ಒಬ್ಬೊಬ್ಬರೇ ಬರೆದ್ರೆ ತಡೆ ಹಾಕ್ತೀವಿ ಅನ್ನೋ ಉತ್ತರ ಬರುತ್ತೆ.

ವೈಯಕ್ತಿಕ ಮಾಹಿತಿ ರಕ್ಷಣೆಗೆ ಭಾರತದ 2023ರ ಡಿಪಿಡಿಪಿ ಕಾಯ್ದೆ ಇದೆಯಲ್ಲ ಅಂತ ನಾನೂ ಓದಿದೆ. ಅದರ 3ನೇ ಸೆಕ್ಷನ್ನಲ್ಲಿ, ವ್ಯಕ್ತಿ ತಾನೇ ಸಾರ್ವಜನಿಕವಾಗಿ ಹಾಕಿರೋ ಮಾಹಿತಿಗೆ ಈ ಕಾಯ್ದೆ ಅನ್ವಯ ಆಗಲ್ಲ ಅಂತಿದೆ. ನಮ್ಮ ಕೇಸಲ್ಲಿ ಮಗಳು ಹಾಕಿದ್ದಲ್ಲ, ಮಾವ ಹಾಕಿದ್ದು, ಹಾಗಾಗಿ ಆ ವಿನಾಯಿತಿ ಅವಳ ಫೋಟೋಗೆ ಸೇರಲ್ಲ ಅಂತ ನಾನು ಓದಿಕೊಂಡಿದೀನಿ. ನಿಮ್ಮ ಸೆಲ್ಫಿ ನೀವೇ ಪಬ್ಲಿಕ್ ಹಾಕಿದ್ರೆ ಈ ಕಾಯ್ದೆ ಹಿಡ್ಕೊಂಡು ಹೋಗೋದು ಕಷ್ಟ. ನಿಯಮಗಳು 2025ರ ನವೆಂಬರಲ್ಲಿ ಪ್ರಕಟ ಆದ್ವು, ಮುಖ್ಯ ಭಾಗಗಳು ಜಾರಿಗೆ ಬರೋಕೆ ಆಗಿಂದ ಹದಿನೆಂಟು ತಿಂಗಳ ಗಡುವು ಕೊಟ್ಟಿದ್ರು. ಯಾರು ಯಾವ ದೇಶದಲ್ಲಿ ಇದಾರೆ ಅನ್ನೋದರ ಮೇಲೆ ಹಕ್ಕೇ ಬದಲಾಗೋದು ನೋಡಿದ್ರೆ ಬೇಸರ ಆಗುತ್ತೆ. 2024ರಲ್ಲಿ ಮೆಟಾ ಕಂಪನಿ ಆಸ್ಟ್ರೇಲಿಯಾದ ಸೆನೆಟ್ ವಿಚಾರಣೆಯಲ್ಲಿ, ವಯಸ್ಕರು 2007ರಿಂದ ಪಬ್ಲಿಕ್ ಹಾಕಿದ ಪೋಸ್ಟ್, ಫೋಟೋಗಳನ್ನ ಎಐಗೆ ಬಳಸಿದೀವಿ ಅಂತ ಒಪ್ಕೊಳ್ತು, ಯುರೋಪಿನವರಿಗೆ ಕೊಟ್ಟಿದ್ದ ಬೇಡ ಅನ್ನೋ ಆಯ್ಕೆ ಅಲ್ಲಿಯವರಿಗೆ ಇರ್ಲಿಲ್ಲ.

ಮುಖ ಹುಡುಕೋ ಸೈಟುಗಳು ಬೇರೆ ಪೀಡೆ. ಕ್ಲಿಯರ್‌ವ್ಯೂ ಎಐ ಕಂಪನಿಗೆ 2024ರಲ್ಲಿ ನೆದರ್ಲೆಂಡ್ಸ್ 3.05 ಕೋಟಿ ಯೂರೋ ದಂಡ ಹಾಕಿದ್ದು ಇಂಥದ್ದಕ್ಕೇ, ಒಪ್ಪಿಗೆ ಇಲ್ಲದೆ ಮುಖಗಳ ಸಂಗ್ರಹ ಮಾಡಿದ್ದಕ್ಕೆ. ಇಂಥ ಕೆಲವು ಕಡೆ ಹೊರಗೆ ಬರಬೇಕಂದ್ರೆ ಮೊದಲು ನಿಮ್ಮ ಮುಖದ ಸ್ಪಷ್ಟ ಫೋಟೋ ಕೊಡಬೇಕು, ಯಾರನ್ನ ತೆಗೀಬೇಕು ಅಂತ ಗುರುತಿಸೋಕೆ. ಮಗಳು ಆ ಪೇಜು ನೋಡಿ ಮುಚ್ಚಿಬಿಟ್ಲು. ನಾನು ಕೊಟ್ಟೆ, ನನಗೆ ಸಿಕ್ಕಿದ್ದು ಒಂದೇ ಫೋಟೋ, ಅದೂ ಸ್ಟೇಜಿನದ್ದು. ಸರೀನಾ ಅಂತ ಈಗ್ಲೂ ಅನುಮಾನ ಇದೆ.

ಖರ್ಚು ಅಂತ ನೋಡಿದ್ರೆ ದುಡ್ಡು ಏನೂ ಹೋಗ್ಲಿಲ್ಲ, ಎಲ್ಲಾ ಫಾರಂ ಫ್ರೀ. ಹೋಗಿದ್ದು ಸಮಯ, ಆಮೇಲೆ ಮನೆಯಲ್ಲಿ ಒಂದೆರಡು ಜಗಳ. ನಾವು ಎಲ್ಲಾ ಕಡೆಯಿಂದ ತೆಗೆಸಿ ಕೊಡ್ತೀವಿ ಅಂತ ತಿಂಗಳಿಗೆ ಇಷ್ಟು ಅಂತ ಕೇಳೋ ಸರ್ವಿಸುಗಳ ಜಾಹೀರಾತು ಹುಡುಕಾಟದ ಉದ್ದಕ್ಕೂ ಬರ್ತಾನೇ ಇರುತ್ತೆ. ಅವರಿಗೂ ಇದೇ ಫಾರಂ, ಇದೇ ಉತ್ತರ, ಜೊತೆಗೆ ನಿಮ್ಮ ಪರವಾಗಿ ವ್ಯವಹರಿಸೋ ಅಧಿಕಾರಪತ್ರ ಅವರ ಕೈಗೆ ಹೋಗುತ್ತೆ. ನಾನು ಕೊಡ್ಲಿಲ್ಲ.

ತಮ್ಮ ಈಗ ತನ್ನ ಬ್ಲಾಗಿಗೆ ರೋಬೋಟ್ಸ್ ಫೈಲ್ ಹಾಕಿದಾನೆ, ಅಂದ್ರೆ ವೆಬ್‌ಸೈಟುಗಳನ್ನ ಬಾಚ್ಕೊಂಡು ಹೋಗೋ ಪ್ರೋಗ್ರಾಂಗಳಿಗೆ ಒಂದು ಸೂಚನೆ, ಕಾಮನ್ ಕ್ರಾಲ್‌ನ ಸಿಸಿಬಾಟ್, ಓಪನ್‌ಎಐನ ಜಿಪಿಟಿಬಾಟ್ ಬರಬೇಡಿ ಅಂತ, ಗೂಗಲ್‌ಗೆ ಗೂಗಲ್-ಎಕ್ಸ್‌ಟೆಂಡೆಡ್ ಅನ್ನೋ ಹೆಸರಲ್ಲಿ ಎಐಗೆ ಬಳಸಬೇಡಿ ಅಂತ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಅದೂ ಬೀಗ ಇಲ್ಲದ ಬಾಗಿಲು, ಯಾಕಂದ್ರೆ ಆ ಫೈಲನ್ನ ಪಾಲಿಸೋದು ಬಿಡೋದು ಅವರವರ ಮರ್ಜಿ. ಅದಕ್ಕಿಂತ ನಮಗೆ ಕೆಲಸಕ್ಕೆ ಬಂದಿದ್ದು ಫೈಲಿನ ಹೆಸರಿಂದ, ವಿವರಣೆಯಿಂದ ಜನರ ಹೆಸರು ಕಿತ್ತು ಹಾಕಿದ್ದು, ಎಕ್ಸಿಫ್ ಒಳಗಿನ ಜಾಗದ ಮಾಹಿತಿ ಅಳಿಸಿದ್ದು, ಮಕ್ಕಳಿರೋ ಆಲ್ಬಂಗಳನ್ನ ಪೂರ್ತಿ ಪ್ರೈವೇಟ್ ಮಾಡಿದ್ದು. ಒರಿಜಿನಲ್ ಫೈಲುಗಳನ್ನ ಮಾತ್ರ ಎಕ್ಸಿಫ್ ಸಮೇತ ಹಾರ್ಡ್ ಡಿಸ್ಕಲ್ಲಿ ಹಾಗೇ ಇಟ್ಕೊಳ್ಳಿ, ಅಕೌಂಟ್ ವಾಪಸ್ ಸಿಕ್ಕಿದ್ದು ಅದರಿಂದ ಅನ್ನೋದು ನೆನಪಿರಲಿ.

ಸದ್ಯಕ್ಕೆ ಬಾಕಿ ಇರೋದು ಆರ್ಕೈವ್‌ನ ಉತ್ತರ, ಮತ್ತೆ ಆ ಎಐ ಕಂಪನಿ ಮೇಲೆ ಮಗಳು ಯುರೋಪಿನ ಡೇಟಾ ಪ್ರೊಟೆಕ್ಷನ್ ಪ್ರಾಧಿಕಾರ ಒಂದಕ್ಕೆ ಕೊಟ್ಟಿರೋ ದೂರು. ಅವರು ಕಂಪನಿಯ ಉತ್ತರದ ಸ್ಕ್ರೀನ್‌ಶಾಟ್ ಸಾಲದು, ಇಮೇಲನ್ನ ಹೆಡರ್ ಸಮೇತ ಕಳಿಸಿ ಅಂದಿದ್ರು, ಕಳಿಸಿದ್ದಾಗಿದೆ, ಹಾಗಾಗಿ ಬಂದ ಯಾವ ಇಮೇಲನ್ನೂ ಡಿಲೀಟ್ ಮಾಡಬೇಡಿ. ಡೇಟಾಸೆಟ್‌ನ ಹೊಸ ಆವೃತ್ತಿ ಬಂದ್ರೆ ನಮ್ಮ ಲಿಂಕುಗಳು ಹೋಗಿವೆಯಾ ಅಂತ ಒಂದೊಂದಾಗಿ ನೋಡಬೇಕು, ಸ್ಪ್ರೆಡ್‌ಶೀಟ್ ಈಗ ಮಗಳ ಹತ್ರ ಇದೆ.